ಪ್ರದರ್ಶನ ಸಾಕು, ಚಾಪಿ ಹಾಸ್ರಿ

ಏಪ್ರಿಲ್ 2 ಬಂತಂದ್ರ ಎಲ್ಲಾರಿಗೂ ಒಮ್ಮೆಲೆ ಆಟಿಸಮ್ ನೆನಪಾಗ್ತದ. ನೀಲಿ ಬಲೂನು, ನೀಲಿ ಟೀ ಶರ್ಟು, ವೇದಿಕಿ ಮ್ಯಾಲೆ ಮುಖ್ಯ ಅತಿಥಿಗಳು, ಅವರಿಗೆ ಹಾರ, ಶಾಲು. ಕೆಳಗ ಗ್ವಾಡಿಗೆ ‘ವಿಶೇಷ ಮಕ್ಕಳ’ ಚಿತ್ರ ಅಂಟಿಸಿರ್ತಾರ. ಮೈಕಿನ ಸಪ್ಪಳಕ್ಕ ನಮ್ಮಂಥೋರ ಕಿವೀನೇ ಗುಂಯ್ ಅಂತಾವ, ಸಪ್ಪಳ ತಡಕೊಳ್ಳಲಿಕ್ಕೇ ಆಗದ ಹುಡುಗೂರು ಎರಡೂ ಕಿವಿ ಮುಚ್ಚಿಕೊಂಡು ಮೂಲ್ಯಾಗ ಕೂತಿರ್ತಾವ. ಅವರ ಹೆಸರಿನ ಕಾರ್ಯಕ್ರಮದಾಗ ಅವರಿಗೇ ಇರಲಿಕ್ಕಾಗೂದಿಲ್ಲ! ಮರುದಿವಸ ಪೇಪರಿನ್ಯಾಗ ಫೋಟೋ ಬರ್ತದ. ಮುಗೀತು, ಮುಂದಿನ ಏಪ್ರಿಲ್ ತನಕ ಯಾರೂ ಆ ಕಡೆ ಹಾಯಂಗಿಲ್ಲ.

ನಂದು ಇದಕ್ಕ ತಕರಾರದ. ವರ್ಷಕ್ಕೊಂದು ಪ್ರದರ್ಶನ ಬ್ಯಾಡ್ರಿ. ವಾರಕ್ಕೊಮ್ಮೆ ಒಂದು ಚಾಪಿ ಹಾಸ್ರಿ, ಅದರ ಮ್ಯಾಲೆ ಅವರೂ ಕೂಡ್ಲಿ, ನೀವೂ ಕೂಡ್ರಿ.

ನಮ್ಮ ಮೈದುನನ ಮಗಗ ಈಗ 23 ವರ್ಷ. ಆಟಿಸಮ್ ಅದ, ಮಾತು ಕಡಿಮಿ. 18ರ ತನಕ ಸಾಲಿ ಇತ್ತು. ಕಾಯ್ದೇನೂ ಅಷ್ಟಕ್ಕೇ ನಿಂತದ, 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ ಅಂತ. ಹತ್ತೊಂಬತ್ತನೇ ಹುಟ್ಟುಹಬ್ಬಕ್ಕ ಆಟಿಸಮ್ ರಾಜೀನಾಮೆ ಕೊಟ್ಟು ಹೋಗ್ತದೇನು? ಈಗ ಅಂವಾ ಮನ್ಯಾಗ ಕೂತು ಹಳೇ ಕ್ಯಾಲೆಂಡರಿನ ಬೆನ್ನಿಗೆ ಕರೆಂಟಿನ ಕಂಬ, ತಂತಿ ತಗೀತಾನ. ಒಂದು ಹಾಳಿಯೊಳಗ ನೂರು ತಂತಿ, ಒಂದಕ್ಕೊಂದು ತಾಗಂಗಿಲ್ಲ. ಅವನ್ನ ನೋಡಿಕೊಳ್ಳೋರು ಮನಿತುಂಬ ಇದ್ದೇವಿ. ಜೋಡಿ ಕೂತು ಚಿತ್ರ ತಗಿಯೋ ಗೆಳೆಯ ಒಬ್ಬನೂ ಇಲ್ಲ.

ಸನೇದಾಗ ಒಂದು ಡ್ರಾಯಿಂಗ್ ಕ್ಲಾಸಿಗೆ ಹಾಕಿದ್ರು. ಎರಡು ಗುಡ್ಡ, ನಡುವ ಸೂರ್ಯ, ಕೆಳಗೊಂದು ಹೊಳಿ. ಎಲ್ಲಾರೂ ಅದನ್ನೇ ತಗೀಬೇಕು. ಇಂವಾ ಗುಡ್ಡದ ಮ್ಯಾಲೂ ಕಂಬ ನಿಲ್ಲಿಸಿದ. ಮೂರು ವಾರಕ್ಕ ಫೋನ್ ಬಂತು: “ಅವಗ ಇಂಟರೆಸ್ಟ್ ಇಲ್ರೀ ಅಕ್ಕಾರ, ಮತ್ತ ಬ್ಯಾರೆ ಪೇರೆಂಟ್ಸ್ ಕೇಳ್ತಾರ.” ಏನು ಕೇಳ್ತಾರ ಅನ್ನೋದನ್ನ ಹೇಳಲಿಲ್ಲ. ಹೇಳೋದೂ ಬೇಕಿರಲಿಲ್ಲ ಬಿಡ್ರಿ.

ಮೂರು ವಾರ ಅಂತ ಬರದೆ ನೋಡ್ರಿ, ಅದಕ್ಕ ಜುಡಿತ್ ಸ್ಕಾಟ್ ಕಥಿ ಹೇಳಲೇಬೇಕು. ಅಮೆರಿಕಾದಾಕಿ, 1943ರಾಗ ಹುಟ್ಟಿದಾಕಿ. ಅವಳಿಜವಳಿಯೊಳಗ ಒಬ್ಬಾಕಿ, ಈಕಿಗೆ ಡೌನ್ ಸಿಂಡ್ರೋಮ್, ಮ್ಯಾಲೆ ಕಿವುಡು. ಆ ಕಿವುಡು ಎಷ್ಟೋ ವರ್ಷ ಯಾರಿಗೂ ಗೊತ್ತೇ ಆಗಲಿಲ್ಲ. ಏಳು ವರ್ಷದಾಕಿ ಇದ್ದಾಗ ಸಂಸ್ಥೆಯೊಂದಕ್ಕ ಬಿಟ್ಟರು, ಮುಂದ 35 ವರ್ಷ ಅಂಥಾ ಕಡೇನೇ ಕಳೀತು. ಆಮ್ಯಾಲೆ ಅಕಿ ಜೋಡಿ ಹುಟ್ಟಿದ ಜಾಯ್ಸ್ ಹಟ ಹಿಡಿದು ಕ್ಯಾಲಿಫೋರ್ನಿಯಾಕ್ಕ ತನ್ನ ಕಡೆ ಕರಕೊಂಡು ಬಂದಳು. 1987ರಾಗ ಓಕ್ಲಂಡಿನ ಕ್ರಿಯೇಟಿವ್ ಗ್ರೋತ್ ಅನ್ನೋ ಕಲಾ ಕೇಂದ್ರಕ್ಕ ಸೇರಿಸಿದಳು. ಒಬ್ಬ ಮನಃಶಾಸ್ತ್ರಜ್ಞ, ಒಬ್ಬಾಕಿ ಕಲಾವಿದೆ, ಗಂಡಾ ಹೆಂಡ್ತಿ ಕೂಡಿ 1974ರಾಗ ತಮ್ಮ ಮನಿ ಗ್ಯಾರೇಜಿನೊಳಗ ಶುರು ಮಾಡಿದ್ದು ಅದು.

ಅಲ್ಲಿ ಹೋಗಿ ಜುಡಿತ್ ಏನು ಮಾಡಿದಳು? ಹತ್ತಿರ ಹತ್ತಿರ ಎರಡು ವರ್ಷ ಹೇಳಿಕೊಳ್ಳೋವಂಥಾದ್ದು ಏನೂ ಇಲ್ಲ. ಬಣ್ಣ ಕೊಟ್ರ ಸುಮ್ಮ ಗೀಚೋದು. ಯಾರೂ “ಇಂಟರೆಸ್ಟ್ ಇಲ್ರೀ” ಅಂತ ಫೋನ್ ಮಾಡಲಿಲ್ಲ. ಒಂದಿನ ನೂಲು, ದಾರದ ಕೆಲಸ ಕಲಸಲಿಕ್ಕೆ ಕಲಾವಿದೆಯೊಬ್ಬಾಕಿ ಬಂದಿದ್ದಳು. ಈಕಿ ಕಟಗಿ ತುಂಡು ತಗೊಂಡು ಅದಕ್ಕ ನೂಲು ಸುತ್ತಲಿಕ್ಕೆ ಹತ್ತಿದಳು. 2005ರಾಗ ತೀರಿಕೊಳ್ಳೋ ತನಕ ನಿಲ್ಲಿಸಲಿಲ್ಲ. ಅಂಥಾ ಸುತ್ತಿದ ಶಿಲ್ಪ 200ರ ಮ್ಯಾಲೆ ಆದವು, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಜಿಯಂನ್ಯಾಗೂ ಅವ ಈಗ.

ಮ್ಯೂಜಿಯಂ ಹೆಸರು ಕೇಳಿ ಖುಷಿಯಾಗಬ್ಯಾಡ್ರಿ. ನಮ್ಮ ಹುಡುಗನ ತಂತಿ ಎಲ್ಲಿಗೂ ಹೋಗೂದು ಬ್ಯಾಡ. ನನಗ ಬೇಕಾದದ್ದು ಆ ಎರಡು ವರ್ಷ. ಏನೂ ಮಾಡದೇ ಕೂತರೂ ‘ನಾಳೆ ಬಾ’ ಅಂತ ಹೇಳೋ ಜಾಗ.

ಈಗ ಕೆಲವರು ಅಂತಾರ, “ಆರ್ಟ್ ಥೆರಪಿ ಅದಲ್ರೀ, ಅದಕ್ಕ ಕಳಸ್ರಿ.” ಅದ, ಬೇಕಾದೋರಿಗೆ ಇರಲಿ. ಕಲೆಯಿಂದ ಆರೋಗ್ಯಕ್ಕ ಒಳ್ಳೇದು ಅನ್ನೋದು ಸುಳ್ಳೇನಲ್ಲ. 2019ರಾಗ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 3000ಕ್ಕೂ ಹೆಚ್ಚು ಅಧ್ಯಯನ ಕೂಡಿಸಿ ಅದನ್ನೇ ಹೇಳ್ಯದ. ಆದ್ರ ನೀವು ಭಜನಾ ಮಂಡಳಿಗೆ ಹೋಗ್ತೀರಲ್ಲ, ಅದು ಥೆರಪಿ ಏನು? ರಂಗೋಲಿ ಹಾಕಿದ ಮ್ಯಾಲೆ ಯಾರರೆ ಬಂದು “ಈ ತಿಂಗಳು ಎಷ್ಟು ಸುಧಾರಣೆ?” ಅಂತ ಕೇಳ್ತಾರೇನು? ನಮಗಾದ್ರ ಹವ್ಯಾಸ, ಅವರಿಗಾದ್ರ ಚಿಕಿತ್ಸೆ. ಇದ್ಯಾವ ನ್ಯಾಯ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಏನು ಹೇಳ್ತದಂದ್ರ, ಸಾಂಸ್ಕೃತಿಕ ಬದುಕು, ಮನರಂಜನೆ ಇತರರ ಸಮನಾಗಿ ಅವರ ಹಕ್ಕು, ಅದಕ್ಕ ಸರಕಾರ, ಸ್ಥಳೀಯ ಸಂಸ್ಥೆ ಕ್ರಮ ತಗೋಬೇಕು. ಆಟಿಸಮ್ಮೂ, ಕಲಿಕೆಯ ತೊಂದರೇನೂ ಆ ಕಾಯ್ದೆಯ 21 ವಿಧದೊಳಗ ಬರ್ತಾವ. ವಾರ್ಡಿನ ಸಮುದಾಯ ಭವನದ ಕೀಲಿ ಮದಿವಿಗೆ, ಮುಂಜಿವಿಗೆ ಸಿಗ್ತದ. ಇದಕ್ಕೂ ಸಿಗಬೇಕು.

ನಮಗ ಇದು ಹೊಸಾದೂ ಅಲ್ಲ. ಮಣ್ಣೆತ್ತಿನ ಅಮಾಸಿ ದಿವಸ ಮಣ್ಣು ಕಲಸಿ ಮನಿಮಂದಿ ಎಲ್ಲಾ ಎತ್ತು ಮಾಡ್ತಿದ್ವಿ. ಒಬ್ಬರ ಎತ್ತಿಗೆ ಕೋಡು ವಾರಿ, ಒಬ್ಬರದಕ್ಕ ಕಾಲು ಮೂರು. ಎಲ್ಲಾನೂ ದೇವರ ಮುಂದ ಇಟ್ಟು ಪೂಜಾ ಆಗ್ತಿತ್ತು, ತೀರ್ಪುಗಾರರು ಇರಲಿಲ್ಲ. ಈಗ ಸಂತ್ಯಾಗ ಜೋಡಿ ಎತ್ತು ರೆಡಿ ಸಿಗ್ತಾವ, ತರ್ತೇವಿ. ಕೌದಿ ಹೊಲಿಯೋದೂ ಹಂಗೇ. ನಾಕು ಮಂದಿ ನಾಕು ಮೂಲಿಗೆ ಕೂತು ಹಳೇ ಸೀರಿಗೆ ದಾರ ಹಾಕೋದು, ಮಾತಾಡೋರು ಮಾತಾಡ್ತಾರ, ಸುಮ್ಮನಿರೋರು ಸುಮ್ಮನಿರ್ತಾರ. ಹಾಂ, ಹಳೇ ಕಾಲ ಎಲ್ಲಾ ಛಂದಿತ್ತು ಅಂತ ನಾ ಹೇಳಂಗಿಲ್ಲ. ಇಂಥಾ ಮಕ್ಕಳನ್ನ ಹಿಂದಿನ ಖೋಲ್ಯಾಗ ಕೂಡಿಸಿ ಬಾಗಲಾ ಹಾಕಿದ ಮನೀನೂ ನಾ ಕಂಡೀನಿ.

“ನಮಗ ಟ್ರೇನಿಂಗ್ ಇಲ್ರೀ” ಅನ್ನೋ ಗುಂಪಿನೋರಿಗೆ ಹೇಳ್ತೀನಿ, ಮೊದಲಿಗೆ ಬೇಕಾದದ್ದು ಭಾಳಿಲ್ಲ. ಅದೇ ವಾರ, ಅದೇ ಹೊತ್ತು, ಅವರದೊಂದು ಕಾಯಂ ಜಾಗ. ಇವತ್ತಿಲ್ಲ ಅಂತ ಇದ್ರ ಮುಂಚೇನೇ ತಿಳಸ್ರಿ. ಮಿಣಮಿಣ ಅನ್ನೋ ಟ್ಯೂಬ್‌ಲೈಟ್ ಬದಲಸ್ರಿ. ಕೇಳದೇ ಮೈ ಮುಟ್ಟಬ್ಯಾಡ್ರಿ. ನಡುವ ಎದ್ದು ಹೊರಗ ಅಡ್ಡಾಡಿ ಬಂದ್ರ “ಯಾಕ?” ಅನಬ್ಯಾಡ್ರಿ. ಅವರು ತಗದ ಗೆರಿ ತಿದ್ದಬ್ಯಾಡ್ರಿ. ಪ್ರದರ್ಶನಕ್ಕ ಛಂದ ಕಾಣ್ಲಿ ಅಂತ ಟೀಚರೇ ಬಣ್ಣ ತುಂಬಿ ಮ್ಯಾಲೆ ಹುಡುಗನ ಹೆಸರು ಬರೆಯೋದಂತೂ ಶುದ್ಧ ಮೋಸ. ಏನರೆ ಮಾರಿದ್ರ ರೊಕ್ಕ ಅವರ ಕೈಯಾಗ ಇಡ್ರಿ.

ಎಲ್ಲಾರಿಗೂ ಗುಂಪು ಒಗ್ಗಂಗಿಲ್ಲ, ಖರೇ. ಒಬ್ಬರೇ ಇರೋದು ಬೇಕಾದೋರೂ ಇರ್ತಾರ. ಆದ್ರ ‘ಒಗ್ಗಂಗಿಲ್ಲ’ ಅನ್ನೋದನ್ನ ಅವರು ಹೇಳ್ಲಿ. ಬಾಗಲಾ ತಗೆಯೋಕಿಂತ ಮೊದಲ ನೀವು ಹೇಳಬ್ಯಾಡ್ರಿ.

ನಮ್ಮ ಓಣ್ಯಾಗ ಗುರುವಾರ ಮಧ್ಯಾಹ್ನ ಮೂರಕ್ಕ ನಾವು ಐದು ಮಂದಿ ಕೌದಿ ಹೊಲೀತೇವಿ. ಬರೋ ವಾರದಿಂದ ಆ ಪಡಸಾಲ್ಯಾಗ ಇನ್ನೊಂದು ಚಾಪಿ ಹಾಸ್ತೇವಿ, ಕಿಡಕಿ ಪಕ್ಕ, ಅಲ್ಲಿಂದ ಕರೆಂಟಿನ ಕಂಬ ಕಾಣ್ತದ. ಕಳಸೋರು ಕಳಸ್ರಿ. ತಾಯಂದಿರು ಕಾವಲು ಕೂಡೋದೇನೂ ಬ್ಯಾಡ, ಒಳಗ ಬಂದು ಬಿಸಿ ಇದ್ದಾಗ ಚಹಾ ಕುಡೀರಿ. ಮೂರರಿಂದ ಐದರ ತನಕ ಮಿಕ್ಸರ್ ಹಚ್ಚಂಗಿಲ್ಲ ಅಂತ ಮ್ಯಾಲಿನ ಮನಿ ವೈನಿಗೂ ಹೇಳೇನಿ.