ಪರದೆ ಹಸಿರಾಗಿದ್ದರೆ ಎಲ್ಲ ಸರಿಯೇ?

ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿ ನನ್ನದು. ಗೋಡೆ ತುಂಬ ಪರದೆಗಳು. ಅವುಗಳಲ್ಲಿ ನೂರಾರು ಸರ್ವರ್‌ಗಳ ಸ್ಥಿತಿ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಕಾಣುತ್ತಿರುತ್ತದೆ. ಎಲ್ಲೋ ಡಿಸ್ಕ್ ತುಂಬಿದರೆ, ಲಿಂಕ್ ಬಿದ್ದರೆ ಅಲರ್ಟ್ ಬರುತ್ತದೆ. ಟಿಕೆಟ್ ಹಾಕಿ, ಆನ್‌ಕಾಲ್ ಇರುವವರನ್ನು ನಿದ್ದೆಯಿಂದ ಎಬ್ಬಿಸುತ್ತೇವೆ. ಆದರೆ ಈ ಅಲರ್ಟ್ ಕಳಿಸುವ ಸಾಫ್ಟ್‌ವೇರ್ ಓಡುವುದೂ ಒಂದು ಸರ್ವರ್ ಮೇಲೆಯೇ. ಅದರ ಡಿಸ್ಕೂ ತುಂಬುತ್ತದೆ, ಅದರ ಲಿಂಕೂ ಬೀಳುತ್ತದೆ. ಆ ಸುದ್ದಿ ಯಾರಿಗೆ ಹೋಗಬೇಕು?

ನಿಗಾ ಇಡುವ ಇಂಥ ಒಳ್ಳೆಯ ಟೂಲ್‌ಗಳು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುತ್ತವೆ. ಜ್ಯಾಬಿಕ್ಸ್ ಎಂಬ ಟೂಲ್‌ನಲ್ಲಿ ಮಾಹಿತಿ ಸಂಗ್ರಹಿಸುವ ಪ್ರೊಸೆಸ್‌ಗಳ ಮೇಲಿನ ಹೊರೆ ಶೇ 75 ದಾಟಿದರೆ ಎಚ್ಚರಿಕೆ ಬರುವಂತೆ ಸಿದ್ಧ ನಿಯಮಗಳೇ ಇವೆ. ತೊಂದರೆ ಇರುವುದು ಆ ಎಚ್ಚರಿಕೆ ಹೋಗುವ ವಿಳಾಸದಲ್ಲಿ. ನಾನು ಕಂಡ ಹೆಚ್ಚಿನ ಕಡೆ ಅದು ಟೂಲ್ಸ್ ಟೀಮ್‌ನ ಮೇಲ್‌ಬಾಕ್ಸ್‌ಗೆ ಹೋಗಿ ಬೀಳುತ್ತದೆ. ಅವರು ಬೆಳಿಗ್ಗೆ ಬಂದು ನೋಡುತ್ತಾರೆ. ಅಲ್ಲಿಯವರೆಗೆ ಅದೇ ಪರದೆಯನ್ನು ನಂಬಿ ಕೂತ ರಾತ್ರಿ ಪಾಳಿಯವರಿಗೆ ಏನೂ ಗೊತ್ತಿರುವುದಿಲ್ಲ. ಟೂಲ್ ಕೆಟ್ಟಿದೆ ಎಂಬ ಸುದ್ದಿ ಅದನ್ನು ರಿಪೇರಿ ಮಾಡುವವರಿಗೆ ಎಷ್ಟು ಮುಖ್ಯವೋ, ಅದನ್ನು ನೋಡಿ ನಿರ್ಧಾರ ತೆಗೆದುಕೊಳ್ಳುವವರಿಗೆ ಅದಕ್ಕಿಂತ ಮುಖ್ಯ ಎಂಬುದು ನನ್ನ ವಾದ.

ಇದು ಕಂಪ್ಯೂಟರ್‌ನವರ ಒಳಜಗಳ ಎನಿಸಿದರೆ 2003ರ ಆಗಸ್ಟ್ 14ರ ಮಧ್ಯಾಹ್ನವನ್ನು ನೋಡಿ. ಅಮೆರಿಕದ ಒಹಾಯೊ ರಾಜ್ಯದ ಏಕ್ರನ್‌ನಲ್ಲಿ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿ ಇತ್ತು. 2.14ರ ನಂತರ ಅಲ್ಲಿನ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಯಿತು. 2.41ಕ್ಕೆ ಅದು ಓಡುತ್ತಿದ್ದ ಸರ್ವರ್ ಬಿತ್ತು, 2.54ಕ್ಕೆ ಬದಲಿ ಸರ್ವರ್ ಕೂಡ ಬಿತ್ತು. ಮೊದಲ ಸರ್ವರ್ ಬಿದ್ದ ಕೂಡಲೇ ಐಟಿ ಸಿಬ್ಬಂದಿಗೆ ಪೇಜರ್ ಸಂದೇಶವೇನೋ ತಾನಾಗಿಯೇ ಹೋಯಿತು. ಅವರು ಬಂದರು, ಸರ್ವರನ್ನು ರೀಬೂಟ್ ಮಾಡಿದರು. ಆದರೆ ಅಲಾರಂ ಮತ್ತೆ ಕೆಲಸ ಮಾಡುತ್ತಿದೆಯೇ ಎಂದು ಆಪರೇಟರ್‌ಗಳನ್ನು ಕೇಳಲಿಲ್ಲ. ಅಲಾರಂ ಸತ್ತಿದೆ ಎಂಬುದೇ ಆಪರೇಟರ್‌ಗಳಿಗೆ ತಿಳಿದಿರಲಿಲ್ಲ.

ಪಕ್ಕದ ಕಂಪನಿಯವರು ಫೋನ್ ಮಾಡಿ, ನಿಮ್ಮ ಕಡೆಯ ಲೈನ್ ಒಂದು ಟ್ರಿಪ್ ಆಗಿ ವಾಪಸ್ ಬಂತಲ್ಲ ಎಂದು ವಿಚಾರಿಸಿದರು. ತಮ್ಮಲ್ಲಿ ಅಂಥ ಅಲಾರಂ ಏನೂ ಬಂದಿಲ್ಲವಲ್ಲ ಎಂದು ಇವರಿಗೆ ಅನುಮಾನವೇ ಹುಟ್ಟಲಿಲ್ಲ. ಅಷ್ಟರಲ್ಲಿ 345 ಕಿಲೊವೋಲ್ಟ್‌ನ ಲೈನ್‌ಗಳು ಮರಕ್ಕೆ ತಗುಲಿ ಒಂದೊಂದಾಗಿ ಬೀಳತೊಡಗಿದ್ದವು. ಸಂಜೆಯ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು. ಮರ ಕಡಿಯದೆ ಬಿಟ್ಟದ್ದೂ ಸೇರಿ ಈ ಅವಾಂತರಕ್ಕೆ ಕಾರಣಗಳು ಹಲವು. ಆದರೂ ನನ್ನಂಥವರನ್ನು ಕಾಡುವುದು ಆ ಪೇಜರ್ ಸಂದೇಶ. ಎಚ್ಚರಿಕೆ ಬಂದಿತ್ತು, ಬೇಕಾದವರ ಕಿವಿಗೆ ಬೀಳಲಿಲ್ಲ, ಅಷ್ಟೇ.

ಎಚ್ಚರಿಕೆಯೇ ದಾರಿ ತಪ್ಪುವುದೂ ಉಂಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಒಬ್ಬರ ಕೈಯಲ್ಲಿ ಮುಖ್ಯ ಡೇಟಾಬೇಸ್‌ನ ಸುಮಾರು 300 ಜಿಬಿ ಮಾಹಿತಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅದೂ ಖಾಲಿ. ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ವಿಫಲವಾದಾಗಲೆಲ್ಲ ಹೊರಟ ಮೇಲ್‌ಗಳು ದೃಢೀಕರಣದಲ್ಲಿ ಪಾಸಾಗದೆ ತಿರಸ್ಕೃತವಾಗುತ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿದ್ದು ಆ ಕಂಪನಿಯ ದೊಡ್ಡತನ.

ಅಲರ್ಟ್ ಕಳಿಸುವ ಯಂತ್ರವೇ ಪೂರ್ತಿ ಸತ್ತರೆ ಅದು ಅಲರ್ಟ್ ಕಳಿಸುವುದಾದರೂ ಹೇಗೆ? 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ಪ್ರೊಮೀಥಿಯಸ್ ಎಂಬ ನಿಗಾ ಟೂಲ್ ಬಳಸುವವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ‘ವಾಚ್‌ಡಾಗ್’ ಎಂಬ ಅಲರ್ಟ್ ಹಗಲೂ ರಾತ್ರಿ ಮೊಳಗುತ್ತಲೇ ಇರುತ್ತದೆ. ಹೊರಗಿನ ಇನ್ನೊಂದು ವ್ಯವಸ್ಥೆ ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಮೊಳಗುವುದು ನಿಂತಿತೋ, ಆ ವ್ಯವಸ್ಥೆ ಫೋನ್ ಮಾಡುತ್ತದೆ. ನಮ್ಮ ಬಡಾವಣೆಗಳಲ್ಲಿ ಕೋಲು ಕುಟ್ಟುತ್ತ ಸೀಟಿ ಊದುವ ಗೂರ್ಖಾನ ಕೆಲಸವೂ ಇದೇ: ಸದ್ದು ಕೇಳುತ್ತಿದ್ದರೆ ನಿಶ್ಚಿಂತೆ, ಕೇಳದಿದ್ದರೆ ಎದ್ದು ನೋಡಬೇಕು.

ಇನ್ನೂ ಸೂಕ್ಷ್ಮವಾದ ಒಂದು ಅಪಾಯವಿದೆ. ಡಿಸ್ಕ್ ಶೇ 90 ದಾಟಿದರೆ ಎಚ್ಚರಿಸು ಎಂದು ನಿಯಮ ಬರೆದಿರುತ್ತೇವೆ. ಆ ಸರ್ವರ್‌ನಿಂದ ಅಂಕಿಯೇ ಬರುವುದು ನಿಂತರೆ? ಹೋಲಿಸಲು ಏನೂ ಇಲ್ಲದ್ದರಿಂದ ನಿಯಮ ಸುಮ್ಮನಿರುತ್ತದೆ. ಮಾಹಿತಿ ಇಲ್ಲದಿರುವುದಕ್ಕೇ ಬೇರೆ ನಿಯಮ ಬರೆಯಬೇಕು. ಅದನ್ನು ಬರೆಯಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

‘ಈಗಿರುವ ಅಲರ್ಟ್‌ಗಳಿಗೇ ತಲೆ ಚಿಟ್ಟು ಹಿಡಿದಿದೆ, ಇದೊಂದು ಬೇರೆಯಾ?’ ಎನ್ನುತ್ತಾರೆ ನನ್ನ ಜೊತೆಯವರು. ನ್ಯಾಯವಾದ ತಕರಾರೇ. ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ಕೂಗುವ ಅಲರ್ಟನ್ನು ಯಾರೇ ಆದರೂ ಮ್ಯೂಟ್ ಮಾಡುತ್ತಾರೆ. ಹಾಗಾಗಿ ಟೂಲ್‌ನ ಪ್ರತಿ ಕೆಮ್ಮು, ನೆಗಡಿಯನ್ನೂ ಪಾಳಿಯವರಿಗೆ ಹೇಳಬೇಕಿಲ್ಲ. ‘ಈ ಪರದೆಯನ್ನು ಸದ್ಯಕ್ಕೆ ನಂಬಬೇಡಿ’ ಎನ್ನುವಷ್ಟು ಕೆಟ್ಟಾಗ ಹೇಳಿದರೆ ಸಾಕು, ಅದೂ ಅದೇ ಪರದೆಯ ನೆತ್ತಿಯ ಮೇಲೆ, ದೊಡ್ಡ ಅಕ್ಷರದಲ್ಲಿ.

ಆಸ್ಪತ್ರೆ, ಬ್ಯಾಂಕು, ನೀರು ಸರಬರಾಜು, ವಿದ್ಯುತ್ ಎಲ್ಲವೂ ಇಂದು ಇಂಥ ಪರದೆಗಳ ಭರವಸೆಯಲ್ಲಿ ನಡೆಯುತ್ತಿವೆ. ಟೆಂಡರ್ ಬರೆಯುವವರು ಟೂಲ್ ಎಷ್ಟು ಸರ್ವರ್ ನೋಡುತ್ತದೆ, ಎಷ್ಟು ಬಗೆಯ ವರದಿ ಕೊಡುತ್ತದೆ ಎಂದು ಪುಟಗಟ್ಟಲೆ ಕೇಳುತ್ತಾರೆ. ಟೂಲೇ ಕೆಟ್ಟರೆ ಯಾರಿಗೆ, ಯಾವ ದಾರಿಯಲ್ಲಿ ತಿಳಿಯುತ್ತದೆ ಎಂಬ ಒಂದು ಸಾಲನ್ನೂ ಸೇರಿಸಲಿ. ಉತ್ತರವನ್ನು ಕಾಗದದ ಮೇಲೆ ನಂಬುವುದೂ ಬೇಡ. ಎಲ್ಲರೂ ಡ್ಯೂಟಿಯಲ್ಲಿರುವ ಒಂದು ಮಧ್ಯಾಹ್ನ ಟೂಲನ್ನು ಬೇಕೆಂದೇ ನಿಲ್ಲಿಸಿ, ಯಾರ ಫೋನು ಮೊದಲು ರಿಂಗಾಗುತ್ತದೆ ನೋಡಿ. ಯಾರದೂ ಆಗದಿದ್ದರೆ, ಹಣ ಪಾವತಿಯನ್ನು ಅಲ್ಲಿಗೇ ತಡೆಹಿಡಿಯಿರಿ.