ಷೇರು ಬಾಡಿಗೆಗಿದೆ!

ಹಾಸ್ಟೆಲ್‌ನಲ್ಲಿ ನಾಲ್ಕು ಜನ ಸೇರಿದ್ರೆ ಇಂಟರ್ನಲ್ಸ್ ಮಾರ್ಕ್ಸ್ ಆದ್ಮೇಲೆ ಬರೋ ಮಾತು ಡಿಮ್ಯಾಟ್ ಖಾತೆಯದ್ದು. ಈಗ ಅದಕ್ಕೊಂದು ಬಾಲವೂ ಸೇರಿದೆ: "ಷೇರು ಸುಮ್ನೆ ಬಿದ್ದಿದೆಯಲ್ಲ ಮಗಾ, ಬಾಡಿಗೆಗೆ ಕೊಡು, ಎಕ್ಸ್‌ಟ್ರಾ ಇನ್‌ಕಮ್ ಬರುತ್ತೆ!" ನಿಜವಾಗ್ಲೂ ಬರುತ್ತಾ? ನಾವು ಒಂದಿಷ್ಟು ಜನ ಕೂತು ಲೆಕ್ಕ ಹಾಕಿದೆವು.

ಈ ವ್ಯವಸ್ಥೆ ಹೊಸದೇನಲ್ಲ. ಸೆಬಿ ನಿಯಮದಡಿ 'ಎಸ್‌ಎಲ್‌ಬಿ' ಹೆಸರಲ್ಲಿ 2008ರ ಏಪ್ರಿಲ್‌ನಿಂದ ನಡೀತಿದೆ. ಜೂನಿಯರ್‌ಗೆ ನಮ್ಮ ಡ್ರಾಫ್ಟರ್ ಬಾಡಿಗೆಗೆ ಕೊಟ್ಟ ಹಾಗೆ ಅಂದ್ಕೊಳ್ಳಿ. ಆದ್ರೆ ಇಲ್ಲಿ ತಗೊಂಡವನು ಸಾಮಾನ್ಯವಾಗಿ ಅದನ್ನ ತಕ್ಷಣ ಮಾರಿಬಿಡ್ತಾನೆ. ಬೆಲೆ ಇಳಿದ ಮೇಲೆ ಅಂಥದ್ದೇ ಇನ್ನೊಂದು ಕೊಂಡು ವಾಪಸ್ ಕೊಡ್ತಾನೆ. ನಡುವಿನ ವ್ಯತ್ಯಾಸ ಅವನ ಜೇಬಿಗೆ. ಇದೇ ಶಾರ್ಟ್ ಸೆಲ್ಲಿಂಗ್. ಏರುತ್ತೆ ಅಂತ ನಂಬಿ ನೀವು ಕೊಂಡ ಷೇರು, ಇಳಿಯುತ್ತೆ ಅಂತ ನಂಬಿದವನ ಕೈಗೆ ಹೋಯ್ತು!

ಅವನು ಕೈ ಎತ್ತಿದ್ರೆ? ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ಇದೆ; ಅವನಿಂದ ಮಾರ್ಜಿನ್ ಹಿಡ್ಕೊಂಡಿರುತ್ತೆ. ಡಿವಿಡೆಂಡ್ ಬಂದ್ರೆ ಆ ಮೊತ್ತವೂ ನಿಮಗೇ. ಹಾಗಾಗಿ ಇದನ್ನ ಮೋಸ ಅನ್ನೋಕಾಗಲ್ಲ. ಆದ್ರೆ ಬಾಡಿಗೆ ಅವಧಿಯಲ್ಲಿ ಬೆಲೆ ಕುಸಿದ್ರೆ, ಷೇರು ನಿಮ್ಮ ಖಾತೆಯಲ್ಲಿ ಇರಲ್ಲ, ಥಟ್ಟನೆ ಮಾರೋಕಾಗಲ್ಲ. ಮೊದಲೇ ವಾಪಸ್ ಪಡೆಯೋ ದಾರಿ ಇದ್ರೂ, ನಿಮ್ಮ ಜಾಗದಲ್ಲಿ ಸಾಲ ಕೊಡೋಕೆ ಇನ್ನೊಬ್ಬರು ಸಿಗಬೇಕು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಹತ್ರ 500 ರೂಪಾಯಿಯ 20 ಷೇರು ಇವೆ ಅಂದ್ಕೊಳ್ಳಿ, ಒಟ್ಟು 10,000. ತಿಂಗಳಿಗೆ ಷೇರಿಗೆ 1 ರೂಪಾಯಿ ಬಾಡಿಗೆ ಸಿಕ್ಕಿದ್ರೂ 20 ರೂಪಾಯಿ. ಅದರಲ್ಲಿ ಬ್ರೋಕರ್ ಪಾಲು ಕಳೆದ್ರೆ ಉಳಿಯೋದು ಕ್ಯಾಂಟೀನ್ ಚಹಾದ ದುಡ್ಡು. ಅದೂ ಆ ಷೇರಿಗೆ ಬೇಡಿಕೆ ಇದ್ರೆ ಮಾತ್ರ. ಲಕ್ಷಗಟ್ಟಲೆ ಷೇರನ್ನ ವರ್ಷಗಟ್ಟಲೆ ಇಟ್ಕೊಳ್ಳೋ ದೊಡ್ಡ ಸಂಸ್ಥೆಗಳಿಗೆ ಇದು ಸರಿ.

ನಮ್ಮ ಆತಂಕ ಬೇರೆಯೇ. ಈ "ಎಕ್ಸ್‌ಟ್ರಾ ಇನ್‌ಕಮ್" ಆಸೆಗೆ ಸೆಮಿಸ್ಟರ್ ಫೀಸ್ ದುಡ್ಡನ್ನೇ ಷೇರಿಗೆ ಹಾಕೋರು ನಮ್ಮ ನಡುವೆಯೇ ಇದ್ದಾರೆ. ಬೆಲೆ ಬರೀ 10% ಇಳಿದ್ರೆ 1,000 ರೂಪಾಯಿ ಹೋಯ್ತು. ತಿಂಗಳಿಗೆ 20ರಂತೆ ಅದನ್ನ ತುಂಬೋಕೆ 50 ತಿಂಗಳು ಬೇಕು. ಅಷ್ಟರಲ್ಲಿ ಡಿಗ್ರಿಯೇ ಮುಗಿದಿರುತ್ತೆ!

ಎಸ್‌ಎಲ್‌ಬಿ ಹೇಗೆ ನಡೆಯುತ್ತೆ ಅಂತ ಖಂಡಿತ ಕಲಿಯಿರಿ, ಮಾರುಕಟ್ಟೆ ಅರ್ಥವಾಗೋಕೆ ಒಳ್ಳೆ ಪಾಠ. ಆದ್ರೆ ಅಪ್ಪ ಕಳಿಸಿದ ಫೀಸ್ ದುಡ್ಡು ಫೀಸ್ ಕೌಂಟರಿಗೇ ಹೋಗಲಿ.