ಡ್ರಮ್ಮಿನ ಒಳಗೋಡೆ ಉಜ್ಜಿದ್ದೀರಾ?

2024ರ ಬೇಸಿಗೆಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್, ಮಹದೇವಪುರದ ಕಡೆ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಬಂದರಷ್ಟೇ ನೀರು ಎನ್ನುವಂತಾಗಿತ್ತು. ಮನೆಗಳ ಮುಂದೆ, ಪಿಜಿಗಳ ತಾರಸಿಯ ಮೇಲೆ ನೀಲಿ ಡ್ರಮ್‌ಗಳು ಬಂದು ಕೂತವು. ಮಳೆ ಬಿದ್ದ ಮೇಲೂ ಡ್ರಮ್‌ಗಳು ಅಲ್ಲೇ ಉಳಿದವು.

ಆ ಮಳೆಗಾಲದಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು 25,000 ದಾಟಿದವು. ಹೆಚ್ಚುಕಡಿಮೆ ಅರ್ಧದಷ್ಟು ಬೆಂಗಳೂರಿನವೇ. ಮಹದೇವಪುರ ವಲಯ ಪಟ್ಟಿಯ ಮೇಲ್ತುದಿಯಲ್ಲಿತ್ತು. ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆ ಜಿಗಣಿಯಲ್ಲಿ ಡೆಂಗಿಯಂತೆ ಸೊಳ್ಳೆಯಿಂದ ಹರಡುವ ಝೀಕಾ ಕೂಡ ಕಾಣಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕುವವರಿಗೆ ದಂಡ ಗೊತ್ತುಮಾಡಿತು: ನಗರದ ಮನೆಗಳಿಗೆ 400 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗಗಳಿಗೆ 2,000. ಕೋಟಿಗಟ್ಟಲೆಯ ಅಪಾರ್ಟ್‌ಮೆಂಟ್ ಎಬ್ಬಿಸುವವರಿಗೆ ಎರಡು ಸಾವಿರ ಯಾವ ಲೆಕ್ಕ!

ಡ್ರಮ್ಮಿಗೆ ಒಮ್ಮೆ ಬಗ್ಗಿ ನೋಡಿ. ನೀರಿನ ಮೇಲ್ಮೈಗೆ ಬಾಲ ತಾಗಿಸಿ, ತಲೆ ಕೆಳಗಾಗಿ ಜೋತುಬಿದ್ದ ಸಣ್ಣ ಹುಳಗಳು. ಡ್ರಮ್ ತಟ್ಟಿದರೆ ನುಲಿಯುತ್ತ ತಳಕ್ಕಿಳಿಯುತ್ತವೆ. ಒಂದು ವಾರ, ಹತ್ತು ದಿನದಲ್ಲಿ ಅವೇ ಸೊಳ್ಳೆ. 1883ರಲ್ಲಿ ಬೆಂಗಳೂರು ದಂಡಿನ ವೈದ್ಯನಾಗಿದ್ದ ರೋನಾಲ್ಡ್ ರಾಸ್ ತನ್ನ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಇಂಥವನ್ನೇ ಕಂಡು ನೀರು ಚೆಲ್ಲಿಸಿ ಕಾಟ ತಗ್ಗಿಸಿಕೊಂಡ. ಮಲೇರಿಯಾ ಸೊಳ್ಳೆಯ ಗುಟ್ಟು ಅವನಿಗೆ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದ್‌ನಲ್ಲಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮಾತ್ರ ಚೆಲ್ಲಿದರಷ್ಟೇ ಸಾಲದು. ಅದು ನೀರಿನಂಚಿಗೆ, ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ಬರಿದು ಮಾಡಿ, ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಬಿಗಿಯಾಗಿ ಮುಚ್ಚಬೇಕು. ಫಾಗಿಂಗ್ ಹೊಗೆ ಹಾರುವ ಸೊಳ್ಳೆಗಷ್ಟೇ. ಮೊಟ್ಟೆಗೆ ಅದು ತಾಗುವುದೇ ಇಲ್ಲ. ರಾತ್ರಿಯ ಪರದೆಯೂ ಪೂರಾ ಕಾಯದು, ಈಡಿಸ್ ಕಚ್ಚುವುದು ಹಗಲು, ಆಫೀಸಿನ ಮೇಜಿನ ಕೆಳಗೂ.

ಪೀಣ್ಯದ ಶೆಡ್‌ಗಳ ಹಿಂದಿನ ಹಳೇ ಟೈರು, ಗುಜರಿ ಡಬ್ಬ, ಮುಗಿಯದ ಕಟ್ಟಡದ ಲಿಫ್ಟ್ ಗುಂಡಿ, ಫ್ರಿಜ್ ಹಿಂದಿನ ತಟ್ಟೆ ಇವಕ್ಕೂ ಇದೇ ಮಾತು. ಜ್ವರ ಬಂದರೆ ಮೆಡಿಕಲ್ ಶಾಪ್‌ನಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬೇಡಿ; ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರಿಗೆ ತೋರಿಸಿ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಾಗ 'ಮೀಟಿಂಗ್‌ನಲ್ಲಿದ್ದೇನೆ' ಎನ್ನದೆ, ದಯವಿಟ್ಟು ಡ್ರಮ್ ಇರುವ ಕಡೆಗೆ ಕರೆದುಕೊಂಡು ಹೋಗಿ.